ವೈದ್ಯರ ಬಳಿಗೆ ಬಾರದ ರೋಗಿಗಳು

ವೈದ್ಯನು ಕಾಣುವುದು ತನ್ನ ಬಳಿಗೆ ಬಂದವರನ್ನು ಮಾತ್ರ. ಬಂದವರಲ್ಲಿಯೂ ಅವರು ಹೇಳಿಕೊಂಡ ತೊಂದರೆಯನ್ನಷ್ಟೇ ಕಂಡು ಕಳುಹಿಸಿಬಿಡುವ ಅಪಾಯವುಂಟು. ಹಲವು ವರ್ಷಗಳ ಹಿಂದೆ ಐವತ್ತರ ಆಸುಪಾಸಿನ ರೈತರೊಬ್ಬರು ಮೊಣಕಾಲು ನೋವಿಗೆಂದು ನಮ್ಮಲ್ಲಿಗೆ ಬರುತ್ತಿದ್ದರು. ತೈಲ, ಕಷಾಯಗಳಿಂದ ನೋವು ತಗ್ಗಿತು. ತಲೆನೋವು, ತಲೆಸುತ್ತು ಎಂದು ಅವರು ಎಂದೂ ಹೇಳಲಿಲ್ಲ. ನಾವೂ ಅವರ ರಕ್ತದೊತ್ತಡವನ್ನು ಒಮ್ಮೆಯಾದರೂ ಅಳೆಯಲಿಲ್ಲ. ಒಂದು ಮುಂಜಾನೆ ಅವರಿಗೆ ಪಕ್ಷಾಘಾತವಾಯಿತು. ರಕ್ತದೊತ್ತಡ ಬಹಳ ಏರಿದೆಯೆಂಬುದು ತಿಳಿದದ್ದು ಆಸ್ಪತ್ರೆಗೆ ಸೇರಿಸಿದ ಮೇಲೆಯೇ. ಅಂದಿನಿಂದ ಯಾವ ಕಾರಣಕ್ಕೆ ಬಂದವರನ್ನೂ ಅಳೆಯದೆ ನಾವು ಕಳುಹಿಸುವುದಿಲ್ಲ. ಆದರೆ ವೈದ್ಯರ ಬಳಿಗೇ ಬಾರದವರನ್ನು ಅಳೆಯುವವರು ಯಾರು? ಈ ಪ್ರಶ್ನೆಗೆ ಉತ್ತರವೇ ಆರೋಗ್ಯ ಸಮೀಕ್ಷೆ.

ಒಬ್ಬ ರೋಗಿಯನ್ನಲ್ಲದೆ ಇಡೀ ಜನಸಮುದಾಯವನ್ನು ನೋಡಬೇಕೆಂಬ ವಿಚಾರ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದ ವಿಷಯವೇ ಜನಪದೋದ್ಧ್ವಂಸ. ಪ್ರಕೃತಿ, ಆಹಾರ, ಬಲ, ವಯಸ್ಸುಗಳಲ್ಲಿ ಭಿನ್ನರಾದ ಜನರು ಏಕಕಾಲದಲ್ಲಿ ಒಂದೇ ವ್ಯಾಧಿಗೆ ತುತ್ತಾಗುವುದು ಹೇಗೆ ಎಂದು ಅಲ್ಲಿ ಅಗ್ನಿವೇಶನು ಕೇಳುತ್ತಾನೆ. ಎಲ್ಲರಿಗೂ ಸಮಾನವಾದ ವಾಯು, ಉದಕ, ದೇಶ, ಕಾಲಗಳು ಕೆಡುವುದೇ ಕಾರಣವೆಂದು ಆತ್ರೇಯನು ಉತ್ತರಿಸುತ್ತಾನೆ. ಇಂದಿನ ಮಧುಮೇಹ, ಅಧಿಕ ರಕ್ತದೊತ್ತಡಗಳು ಸಾಂಕ್ರಾಮಿಕವಲ್ಲ. ಆದರೂ ಅವುಗಳ ಬೇರು ಇಡೀ ಸಮುದಾಯಕ್ಕೆ ಸಮಾನವಾಗಿಬಿಟ್ಟಿರುವ ಆಹಾರ ವಿಹಾರಗಳಲ್ಲಿದೆ. ಆದುದರಿಂದ ಪರೀಕ್ಷೆಯೂ ಸಮುದಾಯದ ಮಟ್ಟದಲ್ಲಿ ನಡೆಯಬೇಕು.

ಅಂತಹ ಒಂದು ಪರೀಕ್ಷೆ 2017-18ರಲ್ಲಿ ನಡೆದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಗಾ ಸಮೀಕ್ಷೆ. ಅದನ್ನು ನಿರ್ವಹಿಸಿದ್ದು ಬೆಂಗಳೂರಿನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಸಂಸ್ಥೆ. ದೇಶದ 600 ಗ್ರಾಮ ಹಾಗೂ ನಗರ ಘಟಕಗಳಿಂದ 12,000 ಮನೆಗಳನ್ನು ಆರಿಸಲಾಯಿತು. ಪ್ರತಿ ಮನೆಯಿಂದ 18ರಿಂದ 69 ವರ್ಷದೊಳಗಿನ ಒಬ್ಬರನ್ನು ಮಾತ್ರ ತೆಗೆದುಕೊಳ್ಳಲಾಯಿತು. ಈ ಆಯ್ಕೆ ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ. ನಿಯಮದಂತೆ ಯಾದೃಚ್ಛಿಕವಾಗಿ ನಡೆಯುವಂಥದ್ದು. ಅನ್ನ ಬೆಂದಿದೆಯೇ ಎಂದು ನೋಡಲು ಎರಡು ಅಗುಳು ಸಾಕು; ಆದರೆ ಪಾತ್ರೆಯನ್ನು ಚೆನ್ನಾಗಿ ಕಲಕಿ ತೆಗೆದ ಅಗುಳಾಗಿರಬೇಕು. ಸಿಕ್ಕವರನ್ನು, ಪರಿಚಿತರನ್ನು ಕೇಳಿ ಬರೆದುಕೊಂಡರೆ ಅದು ಮೇಲಿನ ಅಗುಳಿನ ಲೆಕ್ಕವಷ್ಟೇ. ಮೊದಲು ತಂಬಾಕು, ಮದ್ಯ, ಆಹಾರ, ದೈಹಿಕ ಶ್ರಮಗಳ ಬಗ್ಗೆ ಪ್ರಶ್ನೆ. ಬಳಿಕ ಎತ್ತರ, ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡಗಳ ಅಳತೆ. ಕೊನೆಗೆ ರಕ್ತದ ಸಕ್ಕರೆಯ ಪರೀಕ್ಷೆ. ಇದು ಕ್ರಮ.

ಅದರಿಂದ ತಿಳಿದುಬಂದದ್ದೇನು? ವಯಸ್ಕರಲ್ಲಿ ಶೇ. 28.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವಿತ್ತು. ಅವರಲ್ಲಿ ತಮಗೆ ಅದು ಇದೆಯೆಂದು ತಿಳಿದಿದ್ದವರು ಶೇ. 27.9, ಚಿಕಿತ್ಸೆ ಪಡೆಯುತ್ತಿದ್ದವರು ಶೇ. 14.5, ಹತೋಟಿಯಲ್ಲಿ ಇಟ್ಟುಕೊಂಡಿದ್ದವರು ಶೇ. 12.6. ಈ ಸರಾಸರಿಯನ್ನು ಸಾವಿರ ವಯಸ್ಕರಿರುವ ಒಂದು ಊರಿಗೆ ಅನ್ವಯಿಸಿ ನೋಡೋಣ. 285 ಜನರಿಗೆ ರಕ್ತದೊತ್ತಡವಿದೆ. ಅದನ್ನು ಬಲ್ಲವರು ಸುಮಾರು 80. ಹತೋಟಿಯಲ್ಲಿರುವವರು 36 ಮಾತ್ರ. ಉಳಿದ ಇನ್ನೂರಕ್ಕೂ ಹೆಚ್ಚು ಜನರು ಏನೂ ಅರಿಯದೆ ಹೊಲಕ್ಕೆ, ಅಂಗಡಿಗೆ, ಕಚೇರಿಗೆ ಹೋಗಿಬರುತ್ತಿರುತ್ತಾರೆ. ನಮ್ಮ ಮೊಣಕಾಲು ನೋವಿನ ರೈತರು ಇವರಲ್ಲೊಬ್ಬರು. ಈ ಇನ್ನೂರು ಜನರ ಇರವು ಯಾವ ಆಸ್ಪತ್ರೆಯ ದಾಖಲೆಯಲ್ಲಿಯೂ ಸಿಗದು.

ಅಭ್ಯಾಸಗಳ ಚಿತ್ರವೂ ಹೀಗೆಯೇ ಎಚ್ಚರಿಸುವಂಥದ್ದು. ಅದೇ ಸಮೀಕ್ಷೆಯ ಪ್ರಕಾರ ಶೇ. 41.3ರಷ್ಟು ವಯಸ್ಕರಿಗೆ ಸಾಕಷ್ಟು ದೈಹಿಕ ಶ್ರಮವಿರಲಿಲ್ಲ. ದಿನದ ಉಪ್ಪಿನ ಸೇವನೆ ಸರಾಸರಿ 8 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ 5 ಗ್ರಾಂಗಿಂತ ಕಡಿಮೆ. ಉಪ್ಪನ್ನು ಎಷ್ಟು ತಿನ್ನುತ್ತೀರಿ ಎಂದರೆ ಯಾರೂ ಸರಿಯಾಗಿ ಹೇಳಲಾರರು. ಸಾರಿನದು ಲೆಕ್ಕಕ್ಕೆ ಬರುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳದು ಬರುವುದಿಲ್ಲ. ಆದ್ದರಿಂದ ಅದನ್ನು ಮೂತ್ರಪರೀಕ್ಷೆಯಿಂದ ಅಂದಾಜು ಮಾಡಲಾಗುತ್ತದೆ.

ಸಮೀಕ್ಷೆಯ ನಿಜವಾದ ಬಲವಿರುವುದು ಪುನರಾವರ್ತನೆಯಲ್ಲಿ. ವಯಸ್ಕರ ಜಾಗತಿಕ ತಂಬಾಕು ಸಮೀಕ್ಷೆ ನಮ್ಮ ದೇಶದಲ್ಲಿ 2009-10ರಲ್ಲಿಯೂ 2016-17ರಲ್ಲಿಯೂ ನಡೆಯಿತು. ಹದಿನೈದು ವರ್ಷ ದಾಟಿದವರಲ್ಲಿ ತಂಬಾಕು ಬಳಸುವವರು ಶೇ. 34.6ರಿಂದ 28.6ಕ್ಕೆ ಇಳಿದಿದ್ದರು, ಕರ್ನಾಟಕದಲ್ಲಿ ಶೇ. 28.2ರಿಂದ 22.8ಕ್ಕೆ. ಈ ನಡುವೆ 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. 2016ರಲ್ಲಿ ಪೊಟ್ಟಣಗಳ ಮೇಲೆ ಶೇ. 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರಗಳು ಆವರಿಸಿದವು. ಇಳಿಕೆಗೆ ಇವೇ ಕಾರಣವೆಂದು ಈ ಅಂಕಿಗಳಷ್ಟರಿಂದಲೇ ಸಾಧಿಸಲಾಗದು. ಆದರೆ ದಾರಿ ಸರಿಯಾದ ದಿಕ್ಕಿನಲ್ಲಿದೆಯೆಂದು ತಿಳಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೊದಲು ಹೇಳಿದ ನಿಗಾ ಸಮೀಕ್ಷೆಯಲ್ಲಿ ತಂಬಾಕು ಬಳಸುವವರ ಪ್ರಮಾಣ ಶೇ. 32.8. ಹಾಗಾದರೆ ಒಂದೇ ವರ್ಷದಲ್ಲಿ ಚಟ ಮತ್ತೆ ಏರಿತೆ ಎಂದು ಭಾವಿಸಬಾರದು. ಎರಡರ ವಯೋಮಿತಿಯೂ ವಿಧಾನವೂ ಬೇರೆ. ಒಂದೇ ತಕ್ಕಡಿಯಲ್ಲಿ ತೂಗಿದ್ದನ್ನು ಮಾತ್ರ ಹೋಲಿಸಬೇಕು.

ಯಂತ್ರದ ಅಳತೆಗೆ ಸಂಕೋಚವಿಲ್ಲ, ಮನುಷ್ಯನ ಮಾತಿಗೆ ಇದೆ. ಕೆನ್ನೆಯಲ್ಲಿ ತಂಬಾಕು ಇಟ್ಟುಕೊಂಡೇ ‘ಯಾವ ಚಟವೂ ಇಲ್ಲ’ ಎನ್ನುವವರನ್ನು ನಾವು ಕಂಡಿದ್ದೇವೆ. ಮನೆಯ ಹಿರಿಯರ ಎದುರಿಗೆ ಮದ್ಯದ ಮಾತನ್ನು ಮರೆಮಾಚುವವರು ಇನ್ನೂ ಹೆಚ್ಚು. ಹೀಗೆ ಮುಚ್ಚಿಟ್ಟಷ್ಟೂ ಸಮಸ್ಯೆ ಸಣ್ಣದಾಗಿ ಕಾಣುತ್ತದೆ. ಅದಕ್ಕೆ ಸಿಗಬೇಕಾದ ಔಷಧ, ಹಣ, ಸಿಬ್ಬಂದಿಗಳೂ ಕಡಿಮೆಯಾಗುತ್ತವೆ.

ಆದುದರಿಂದ ಸಮೀಕ್ಷೆಯವರು ಮನೆಗೆ ಬಂದರೆ ಗುರುತಿನ ಚೀಟಿಯನ್ನು ನೋಡಿ, ಉದ್ದೇಶವನ್ನು ಕೇಳಿ ತಿಳಿದು, ಒಪ್ಪಿಗೆಯಾದರೆ ನಿಜವನ್ನೇ ಹೇಳಿ. ಬೇಕಿದ್ದರೆ ಪ್ರತ್ಯೇಕವಾಗಿ ಕುಳಿತು ಉತ್ತರಿಸಬಹುದು. ಇಂತಹ ಸಮೀಕ್ಷೆಯ ವರದಿಯಲ್ಲಿ ಹೆಸರುಗಳಿರುವುದಿಲ್ಲ, ಲೆಕ್ಕ ಮಾತ್ರ ಇರುತ್ತದೆ. ಸಮೀಕ್ಷೆ ನಿಮ್ಮ ಮನೆಯನ್ನು ಆರಿಸದೆಯೂ ಇರಬಹುದು, ಅದಕ್ಕಾಗಿ ಕಾಯಬೇಕಿಲ್ಲ. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಮಧುಮೇಹಗಳ ತಪಾಸಣೆಯ ವ್ಯವಸ್ಥೆಯಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಸುತ್ತಾರೆ. ರೋಗ ಕಂಡುಬಂದರೆ ಆಹಾರ ವಿಹಾರಗಳನ್ನು ತಿದ್ದಿಕೊಳ್ಳುವುದು ಅವಶ್ಯ. ಆದರೆ ಈಗಾಗಲೇ ಸೇವಿಸುತ್ತಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು; ಕಷಾಯ ಕುಡಿಯುತ್ತಿದ್ದೇವೆಂಬುದು ಅದಕ್ಕೆ ಕಾರಣವಾಗಲಾರದು.

ನೋವಿಲ್ಲದ್ದೆಲ್ಲ ಆರೋಗ್ಯವಲ್ಲ. ಸಾವಿರದಲ್ಲಿ ಆ ಇನ್ನೂರು ಜನರ ಸಾಲಿನಲ್ಲಿ ತಾವಿದ್ದೇವೆಯೇ ಎಂಬುದನ್ನು ಓದುಗ ಬಂಧುಗಳು ಈ ತಿಂಗಳೊಳಗೆ ಒಮ್ಮೆ ಅಳೆಸಿ ತಿಳಿದುಕೊಳ್ಳಲಿ. ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಲಿ.