ಹಳೆಯ ಐರನ್ ಸೆಟ್ ಕೊಂಡರೆ ನಷ್ಟವೇ?

ಪ್ರಶ್ನೆ: ಗಾಲ್ಫ್ ಕಲಿಯುತ್ತಿದ್ದೇನೆ, ಕೈಯಲ್ಲಿ ದುಡ್ಡು ಕಡಿಮೆ. ಹೊಸ ಮಾಡೆಲ್‌ನ ಐರನ್‌ಗಳು ಚೆಂಡನ್ನು ನಿಜಕ್ಕೂ ಹೆಚ್ಚು ದೂರ ಕಳಿಸುತ್ತವೆಯೇ?

ಉತ್ತರ: ಕಳಿಸುತ್ತವೆ, ಆದರೆ ಕಾರಣ ತಿಳಿದುಕೊಂಡೇ ದುಡ್ಡು ಬಿಚ್ಚಿ. ಕೆಲವು ದಶಕಗಳ ಹಿಂದೆ 7 ನಂಬರ್ ಐರನ್ನಿನ ಮುಖ ಸುಮಾರು 35 ಡಿಗ್ರಿ ವಾಲಿರುತ್ತಿತ್ತು. ಈಗಿನ ಅನೇಕ ಸೆಟ್‌ಗಳಲ್ಲಿ ಅದು 30ರ ಆಸುಪಾಸು, ಇನ್ನೂ ಕಡಿಮೆಯೂ ಉಂಟು. ಅಂದರೆ ಹಳೆಯ 6 ಅಥವಾ 5ರ ಮೇಲೆ 7 ಎಂದು ಕೆತ್ತಿದಂತೆ. ಮುಖ ತೆಳುವಾಗಿರುವುದೂ ನೆರವಾಗುತ್ತದೆ, ನಿಜ. ಆದರೂ ದೂರದ ದೊಡ್ಡ ಪಾಲು ಈ ಕೋನದ್ದೇ.

ಕಲಿಯುವವರಿಗೆ ಮುಖ್ಯವಾದದ್ದು ಕ್ಯಾವಿಟಿ ಬ್ಯಾಕ್, ಅಂದರೆ ಹಿಂಬದಿ ಟೊಳ್ಳಾಗಿರುವ ಕ್ಲಬ್ ತಲೆ. ತೂಕ ಅಂಚಿಗೆ ಹಂಚಿರುವುದರಿಂದ ಏಟು ನಡುವಿನಿಂದ ಜಾರಿದರೂ ತಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ. ಪಿಂಗ್ ಕಂಪನಿಯ ಕಾರ್ಸ್ಟೆನ್ ಸೋಲ್ಹೈಮ್ 1960ರ ದಶಕದಲ್ಲೇ ಈ ದಾರಿ ಹಿಡಿದವರು. ಹಾಗಾಗಿ ಐದಾರು ವರ್ಷ ಹಳೆಯ, ಬಳಸಿದ ಸೆಟ್ ಧೈರ್ಯವಾಗಿ ಕೊಳ್ಳಿ. ಮುಖದ ಗೀರುಗಳು ಸವೆದಿವೆಯೇ, ಶಾಫ್ಟ್ ಬಾಗಿದೆಯೇ, ತುಕ್ಕು ಹಿಡಿದಿದೆಯೇ ನೋಡಿ. ಗ್ರಿಪ್ ಹಳತಾಗಿದ್ದರೆ ಚಿಂತೆ ಬೇಡ, ಬದಲಿಸಬಹುದು. ಶಾಫ್ಟ್ ನಿಮ್ಮ ಸ್ವಿಂಗ್ ವೇಗಕ್ಕೆ ಹೊಂದುವುದೇ ಎಂದು ಮಾತ್ರ ಹೊಡೆದು ನೋಡದೆ ಕೊಳ್ಳಬೇಡಿ. 3, 4ನೇ ನಂಬರ್ ಈಗಲೇ ಬೇಡ. 14 ಕ್ಲಬ್ ಎಂಬುದು ನಿಯಮದ ಗರಿಷ್ಠ ಮಿತಿಯಷ್ಟೇ, ಆರರಿಂದ ಪಿಚಿಂಗ್ ವೆಜ್‌ವರೆಗೆ ಇದ್ದರೆ ಸಾಕು.