ಪಾಲಕೋಡ್: ಪಟ್ಟಾ ಇದ್ದವರ ಎರಡು ಸಾವಿರ

ಹೊಸೂರಿನಿಂದ ಸೇಲಂ ಕಡೆಗೆ ಹೋಗುವ ರೈಲು ರಾಯಕೋಟೆ, ಮಾರಂಡಹಳ್ಳಿ ದಾಟಿತೆಂದರೆ ಮುಂದೆ ಪಾಲಕೋಡ್. ಈಗ ಧರ್ಮಪುರಿ ಜಿಲ್ಲೆಯಲ್ಲಿರುವ ಈ ತಾಲ್ಲೂಕು ಕೇಂದ್ರ 1965ರವರೆಗೆ ಸೇಲಂ ಜಿಲ್ಲೆಗೆ ಸೇರಿತ್ತು. ಅಂಗಡಿ ಬೋರ್ಡುಗಳೆಲ್ಲ ತಮಿಳು. ಟೊಮೆಟೊ ಮಂಡಿಯಲ್ಲಿ ನಿಂತರೆ ಮಾತ್ರ ತೆಲುಗು, ಕನ್ನಡವೂ ಧಾರಾಳವಾಗಿ ಕಿವಿಗೆ ಬೀಳುತ್ತವೆ.

ಮಂಡಿಗೆ ಬೆಳಗ್ಗೆಯೇ ಹೋಗಬೇಕು. ಕ್ರೇಟುಗಳನ್ನು ಸುರುವಿಕೊಂಡು ಕೂತ ಹೆಂಗಸರ ಕೈ ನೋಡುವಂಥದ್ದು: ದೋರೆಗಾಯಿ ಒಂದು ಕಡೆಗೆ, ಅದು ದೂರದೂರಿನ ಲಾರಿಗೆ. ಪೂರಾ ಕೆಂಪಾದದ್ದು ಹತ್ತಿರದ ಸಂತೆಗೆ. ಬಿರಿದದ್ದು ಕಾಲ ಬುಡಕ್ಕೆ, ದನಗಳ ಪಾಲು. ಕೊರೊನಾ ಲಾಕ್‌ಡೌನ್ ಇದ್ದ 2020ರ ಏಪ್ರಿಲ್‌ನಲ್ಲಿ ಈ ವಿಂಗಡಣೆಗೆ ಅರ್ಥವೇ ಇರಲಿಲ್ಲ. ಲಾರಿ ಇಲ್ಲ, ಹೋಟೆಲು ಮುಚ್ಚಿವೆ, ಮದುವೆಗಳಿಲ್ಲ. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಕೊಳೆಯಿತೆಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಆಗ ದುಡ್ಡು ಬಂದದ್ದು ನಿಜ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯಲ್ಲಿ ಒಂದು ಕಂತು, 2,000, ಏಪ್ರಿಲ್‌ನಲ್ಲೇ ಖಾತೆಗೆ ಬೀಳುತ್ತದೆಂದು ಕೇಂದ್ರ ಸರ್ಕಾರ ಮಾರ್ಚ್ 26ರಂದು ಸಾರಿತು. ಪರಿಹಾರವೆಂದು ಹೆಸರು ಕೊಟ್ಟರೂ ಅದು ಹೇಗೂ ಬರಬೇಕಿದ್ದ ಕಂತೇ. ಜನಧನ್ ಖಾತೆಯ ಹೆಂಗಸರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು, ಅಕ್ಕಿ ಕಾರ್ಡಿನವರಿಗೆ ರಾಜ್ಯದಿಂದ 1,000. ಗಡಿಯಾಚೆ ಕರ್ನಾಟಕ ಬೇರೆ ದಾರಿ ಹಿಡಿದು ಬೆಳೆ ನೋಡಿ ಕೊಟ್ಟಿತು: ಹೂವಿಗೆ ಹೆಕ್ಟೇರಿಗೆ 25,000, ಹಣ್ಣು ತರಕಾರಿಗೆ 15,000. ಆನೇಕಲ್ ಕಡೆ ನೆಂಟರಿರುವವರು ಇಲ್ಲಿ ಕಡಿಮೆಯಿಲ್ಲ. ಹೋಲಿಕೆ ತಾನಾಗಿ ಬಾಯಿಗೆ ಬರುತ್ತದೆ.

ಮಂಡಿಯ ಪಕ್ಕದ ಚಹಾದಂಗಡಿಯಲ್ಲಿ ಮಾತು ಬೇಗನೆ ಪಟ್ಟಾಕ್ಕೆ, ಅಂದರೆ ಜಮೀನಿನ ಹಕ್ಕುಪತ್ರಕ್ಕೆ, ತಿರುಗಿತು. ಪಿಎಂ ಕಿಸಾನ್ ಹಣ ಜಮೀನು ಯಾರ ಹೆಸರಿನಲ್ಲಿದೆಯೋ ಅವರಿಗೆ. ಅದೂ 2019ರ ಫೆಬ್ರವರಿ 1ರ ದಾಖಲೆಯಂತೆ. ಗುತ್ತಿಗೆಗೋ ವಾರಕ್ಕೋ ಭೂಮಿ ಹಿಡಿದು, ಸಾಲ ಮಾಡಿ ಕಡ್ಡಿ ನೆಟ್ಟು, ದಾರ ಕಟ್ಟಿ ಟೊಮೆಟೊ ಬೆಳೆದವರಿಗೆ ಏನೂ ಇಲ್ಲ. ಬೆಂಗಳೂರಿನಲ್ಲಿ ಕುಳಿತ ಜಮೀನುದಾರನ ಫೋನಿನಲ್ಲಿ ಹಣ ಬಂದ ಸಂದೇಶದ ಗಂಟೆ ಮೊಳಗಿದರೆ, ಬೆಳೆ ಕಳೆದುಕೊಂಡವನು ರೇಷನ್ ಕ್ಯೂನಲ್ಲಿದ್ದ.

ಇದಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಅದೇ ವರ್ಷ ಆಗಸ್ಟ್‌ನಲ್ಲಿ ಹೊರಬಿತ್ತು. ಆನ್‌ಲೈನ್‌ನಲ್ಲಿ ತಾವೇ ಹೆಸರು ನೋಂದಾಯಿಸುವ ಅವಕಾಶವಿತ್ತಲ್ಲ, ಅದನ್ನೂ ಕೃಷಿ ಇಲಾಖೆಯ ಲಾಗಿನ್‌ಗಳನ್ನೂ ಬಳಸಿ ದಲ್ಲಾಳಿಗಳು ರೈತರೇ ಅಲ್ಲದವರನ್ನು ಪಟ್ಟಿಗೆ ತುಂಬಿದ್ದರು. ತಮಿಳುನಾಡಿನಲ್ಲಿ ಸುಮಾರು 5.5 ಲಕ್ಷ ಅನರ್ಹರು, 110 ಕೋಟಿ ರೂಪಾಯಿ ಎಂದು ಸರ್ಕಾರವೇ ಹೇಳಿತು. ಸೇಲಂ, ಧರ್ಮಪುರಿ ಜಿಲ್ಲೆಗಳೂ ಆ ಹಗರಣದಲ್ಲಿದ್ದವು. ಸಿಬಿ-ಸಿಐಡಿ ತನಿಖೆ, ಬಂಧನ, ವಸೂಲಿ ಎಲ್ಲ ನಡೆದವು. ಗೇಣಿದಾರ ನುಸುಳಲಾಗದ ಬಾಗಿಲಲ್ಲಿ ದಲ್ಲಾಳಿ ದಿಬ್ಬಣ ಹೊರಡಿಸಿದ್ದ!

ಪಂಚಪಳ್ಳಿಯ ಚಿನ್ನಾರ್ ಅಣೆಕಟ್ಟೆ ಕಡೆಗೆ ಹೊರಟರೆ ದಾರಿಯುದ್ದಕ್ಕೂ ತೆಂಗು, ಕಬ್ಬು, ನಡುನಡುವೆ ಕಡ್ಡಿ ನೆಟ್ಟ ಟೊಮೆಟೊ ಹೊಲ. ಯಾವುದು ಸ್ವಂತದ್ದು, ಯಾವುದು ಗುತ್ತಿಗೆಯದು ಎಂದು ರಸ್ತೆಯಿಂದ ಗೊತ್ತಾಗುವುದಿಲ್ಲ. ಊರವರಿಗೆ ಮಾತ್ರ ಚೆನ್ನಾಗಿ ಗೊತ್ತು. ಗ್ರಾಮ ಆಡಳಿತಾಧಿಕಾರಿಗಳೂ ಪ್ರತಿ ಹಂಗಾಮಿನಲ್ಲಿ ಅಡಂಗಲ್ ಎಂಬ ಬೆಳೆ ದಾಖಲೆಗೆ ಬೆಳೆ ಬರೆದುಕೊಳ್ಳುತ್ತಾರೆ. ಗೇಣಿದಾರರ ಹಕ್ಕು ದಾಖಲಿಸುವ ಕಾನೂನು ತಮಿಳುನಾಡಿನಲ್ಲಿ 1969ರಿಂದಲೇ ಇದೆ. ಆದರೆ ಹೆಸರು ಬರೆಸಿದರೆ ಮುಂದಿನ ವರ್ಷ ಜಮೀನು ಸಿಗದೆಂಬ ಅಂಜಿಕೆಯಲ್ಲಿ ಗೇಣಿದಾರರು ಕೇಳುವುದಿಲ್ಲ, ಕಚೇರಿಯವರು ತಾವಾಗಿ ಬರೆಯುವುದಿಲ್ಲ. ಮುಂದಿನ ಕಷ್ಟಕಾಲದ ಪಟ್ಟಿ ತಯಾರಾಗುವ ಮೊದಲು ಜಿಲ್ಲಾಡಳಿತ ಗೇಣಿದಾರರ ಹೆಸರು ಬರೆಯುವ ಕೆಲಸವನ್ನು ಪಾಲಕೋಡ್‌ನಿಂದಲೇ ಶುರುಮಾಡಲಿ.