ಅಡಿಕೆ ಸುಲಿಯುವ ರಾತ್ರಿಗಳು ಮತ್ತು ಪೀನಿಯಲ್ ಗ್ರಂಥಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಆರಂಭವಾಯಿತೆಂದರೆ ಬೆಳೆಗಾರರ ಮನೆಯಲ್ಲಿ ನಿದ್ದೆಗೆ ಸಮಯ ಸಾಲುವುದಿಲ್ಲ. ಹಗಲು ಇಳಿಸಿದ ಗೊನೆಯ ಹಸಿ ಅಡಿಕೆಯನ್ನು ಬಾಡುವ ಮೊದಲೇ ಸುಲಿದು ಬೇಯಿಸಬೇಕು. ಹೀಗಾಗಿ ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೂ ಕೂರುವವರುಂಟು. ಹಿಂದೆ ಲಾಟೀನು ಉರಿಯುತ್ತಿದ್ದ ಜಾಗದಲ್ಲಿ ಈಗ ಎಲ್‌ಇಡಿ ಬಲ್ಬಿನ ಬಿಳಿ ಬೆಳಕು. ಬೆನ್ನುನೋವು, ನಿದ್ದೆಗೇಡು ಎಲ್ಲರಿಗೂ ಗೊತ್ತು. ಆದರೆ ಈ ಬೆಳಕು ಮಿದುಳಿನ ಒಂದು ಪುಟ್ಟ ಗ್ರಂಥಿಯ ಕೆಲಸಕ್ಕೂ ಅಡ್ಡಿಮಾಡುತ್ತದೆ ಎಂಬುದು ಹೆಚ್ಚು ಮಂದಿಗೆ ತಿಳಿದಿಲ್ಲ.

ಕತ್ತಲಲ್ಲಿ ದುಡಿಯುವ ಗ್ರಂಥಿ

ಮಿದುಳಿನ ಮಧ್ಯಭಾಗದಲ್ಲಿರುವ ಪೀನಿಯಲ್ ಗ್ರಂಥಿ ಭತ್ತದ ಕಾಳಿನಷ್ಟು ಉದ್ದವಿದ್ದು, ಸುಮಾರು 100ರಿಂದ 150 ಮಿಲಿಗ್ರಾಂ ತೂಗುತ್ತದೆ. ಇದು ಸ್ರವಿಸುವ ಹಾರ್ಮೋನನ್ನು 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮರೋಗ ತಜ್ಞ ಆರನ್ ಲರ್ನರ್ ಮತ್ತು ಸಂಗಡಿಗರು ದನಗಳ ಪೀನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿ, 'ಮೆಲಟೋನಿನ್' ಎಂದು ಹೆಸರಿಟ್ಟರು. ಕತ್ತಲಾದ ಮೇಲೆ ಇದರ ಪ್ರಮಾಣ ಏರುತ್ತಾ ಹೋಗಿ, ಸಾಮಾನ್ಯವಾಗಿ ರಾತ್ರಿ 2ರಿಂದ 4 ಗಂಟೆಯ ನಡುವೆ ತುದಿ ಮುಟ್ಟುತ್ತದೆ. ಕಣ್ಣಿಗೆ ಬೆಳಕು ಬಿದ್ದ ಸುದ್ದಿ ನರಗಳ ಮೂಲಕ ತಲುಪಿದೊಡನೆ ಉತ್ಪಾದನೆ ಇಳಿಯುತ್ತದೆ. ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕಿನಿಂದ ಈ ಪರಿಣಾಮ ಇನ್ನೂ ಹೆಚ್ಚು.

ಜೀವಕೋಶಕ್ಕೆ ಕಾವಲು

ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು ಆಮ್ಲಜನಕದಿಂದ. ನಮ್ಮ ದೇಹದಲ್ಲೂ ಆಮ್ಲಜನಕದ ಅಲ್ಪ ಭಾಗ ಉಗ್ರ ಕಣಗಳಾಗಿ ಮಾರ್ಪಟ್ಟು, ಜೀವಕೋಶದ ಪೊರೆ, ಪ್ರೋಟೀನು ಹಾಗೂ ಡಿಎನ್‌ಎಗೆ ಹಾನಿ ಮಾಡುತ್ತದೆ. ಇವನ್ನು ತಣಿಸಲು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳಿವೆ. ಮೆಲಟೋನಿನ್ ಕೂಡ ಉಗ್ರ ಕಣಗಳನ್ನು ನೇರವಾಗಿ ತಣಿಸಬಲ್ಲದು ಎಂಬ ಸಂಶೋಧನೆ 1993ರಲ್ಲಿ ಪ್ರಕಟವಾಯಿತು. ಅದು ಈ ಕಿಣ್ವಗಳನ್ನೂ ಚುರುಕುಗೊಳಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ.

ಹಣ್ಣಾದ ಸೋಗೆಯಂತೆ

ಅಡಿಕೆ ಮರದಲ್ಲಿ ಹಣ್ಣಾದ ಸೋಗೆ ಹಾಳೆಸಮೇತ ತಾನಾಗಿ ಕಳಚಿ ಬೀಳುತ್ತದೆ, ಮರಕ್ಕೆ ನೋವಿಲ್ಲ. ಹಾಳಾದ ಜೀವಕೋಶವೂ ಹೀಗೆಯೇ ಕ್ರಮಬದ್ಧವಾಗಿ ಸಾಯುತ್ತದೆ. ಇದನ್ನು 'ಅಪೊಪ್ಟೋಸಿಸ್' ಎನ್ನುತ್ತಾರೆ. ಇದನ್ನು ನಿಯಂತ್ರಿಸುವ ಜೀನುಗಳ ಶೋಧಕ್ಕೆ 2002ರ ನೊಬೆಲ್ ಪ್ರಶಸ್ತಿ ಸಂದಿತು. ಉಗ್ರ ಕಣಗಳ ಕಾಟ ಮಿತಿಮೀರಿದಾಗ ಆರೋಗ್ಯವಂತ ಕೋಶಗಳೂ ಅಕಾಲದಲ್ಲಿ ಉದುರುತ್ತವೆ. ಮೆಲಟೋನಿನ್ ಇದನ್ನು ತಡೆಯುವುದೂ, ಅನೇಕ ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಮಾತ್ರ ಸಾವನ್ನು ಪ್ರಚೋದಿಸುವುದೂ ಪ್ರಯೋಗಶಾಲೆಗಳಲ್ಲಿ ಕಂಡಿವೆ. ಆದರೆ ಅಲ್ಲಿ ಬಳಸಿದ ಪ್ರಮಾಣ ಹೆಚ್ಚಾಗಿ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಅಧಿಕ. ಆದ್ದರಿಂದ ಮೆಲಟೋನಿನ್ ಕ್ಯಾನ್ಸರಿಗೆ ಮದ್ದು ಎಂದು ಹೇಳುವಂತಿಲ್ಲ.

ಸುಗ್ಗಿಯಲ್ಲಿ ಏನು ಮಾಡಬೇಕು?

ರಾತ್ರಿಪಾಳಿಯ ಕೆಲಸ ಮನುಷ್ಯರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ ಹೇಳಿ, 2019ರಲ್ಲಿ ಅದನ್ನೇ ಪುನರುಚ್ಚರಿಸಿತು. ಕೆಲವು ವಾರಗಳ ಸುಲಿತವನ್ನು ವರ್ಷಗಟ್ಟಲೆ ನಡೆಯುವ ರಾತ್ರಿಪಾಳಿಗೆ ಹೋಲಿಸಿ ಹೆದರಬೇಕಾಗಿಲ್ಲ. ಹೆಚ್ಚು ಚಿಂತಿಸಬೇಕಾದ್ದು ನಿದ್ದೆ ಓಡಿಸಲು ಮೇಲಿಂದ ಮೇಲೆ ಹಾಕುವ ಕವಳದ ಬಗ್ಗೆ. ತಂಬಾಕಿಲ್ಲದೆಯೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕವೆಂದು ಇದೇ ಸಂಸ್ಥೆ 2004ರ ವರದಿಯಲ್ಲಿ ತಿಳಿಸಿದೆ. ಬಾಯಲ್ಲಿ ಉಗ್ರ ಕಣಗಳು ಹುಟ್ಟುವುದಕ್ಕೂ ಅದು ಕಾರಣ. ಬೆಳೆ ನಮ್ಮದೆಂದು ದೇಹ ರಿಯಾಯಿತಿ ತೋರುವುದಿಲ್ಲ.

ಸಾಧ್ಯವಾದರೆ ಸರದಿ ಮಾಡಿಕೊಂಡು, ಒಬ್ಬರೇ ದಿನವೂ ತಡರಾತ್ರಿವರೆಗೆ ಕೂರುವುದನ್ನು ತಪ್ಪಿಸಿ. ಬೆಳಕು ಕತ್ತಿಯ ಮೇಲೆ ಚೆನ್ನಾಗಿ ಬೀಳಲಿ, ಕಣ್ಣಿಗೆ ನೇರವಾಗಿ ಹೊಡೆಯದಿರಲಿ. ಹಳದಿ ಬೆಳಕಿನ ಬಲ್ಬು ಮೇಲು. ಮಲಗುವ ಕೋಣೆ ಪೂರ್ತಿ ಕತ್ತಲಾಗಿರಲಿ. ಮಲಗಿದ ಮೇಲೆ ಮೊಬೈಲು ನೋಡುವುದು ಬೇಡ. ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲಿಗೆ ಬನ್ನಿ. ದೇಹದ ಗಡಿಯಾರ ಸರಿಹೋಗಲು ಅದು ಸಹಕಾರಿ.

ಮೆಲಟೋನಿನ್ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗಬೇಡಿ. ಗರ್ಭಿಣಿಯರು, ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರು ವಿಶೇಷ ಎಚ್ಚರ ವಹಿಸಬೇಕು. ಬಾಯಿ ತೆರೆಯಲು ಕಷ್ಟವಾಗುತ್ತಿದ್ದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ ಅಥವಾ ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಸುಗ್ಗಿ ಮುಗಿಯಲೆಂದು ಕಾಯದೆ ವೈದ್ಯರಿಗೆ ತೋರಿಸಿ.